ಹೊನ್ನಾವರದ ಅನ್ನ, ಹಾಂಗ್‌ಝೌನ ಕೆರೆ

ಚೀನಾದ ಹಾಂಗ್‌ಝೌ ನಗರಕ್ಕೆ ಮೊದಲ ಸಲ ಹೋಗುವ ವಿದೇಶಿಯರಿಗೆ ಸಲಹೆ ಕೊಟ್ಟವರ ಸಾಲು ಬಹಳ ಹಳೆಯದು. ಆ ಸಾಲಿನಲ್ಲಿರುವ ಒಬ್ಬ, ಅಲ್ಲಿಗೆ ಹೋಗುವ ಮೊದಲು ನಮ್ಮ ಹೊನ್ನಾವರದಲ್ಲಿ ತಿಂಗಳುಗಟ್ಟಲೆ ಅನ್ನ ಉಂಡು ಬೇಸತ್ತಿದ್ದ. ಅವನೇ ಇಬ್ನ್ ಬತೂತ. ಮೊರೊಕ್ಕೊದ ಟ್ಯಾಂಜಿಯರ್‌ನಲ್ಲಿ 1304ರಲ್ಲಿ ಹುಟ್ಟಿದವನು, 1325ರಲ್ಲಿ ಮನೆ ಬಿಟ್ಟವನು.

ಕರಾವಳಿಗೆ ಬಂದ ಪ್ರವಾಸಿಗರ ಬರಹಗಳು ನನ್ನ ಸಂಶೋಧನೆಗೆ ಹತ್ತಿರದ ವಿಷಯ. ನಾನಿರುವ ರಾಜರಾಜೇಶ್ವರಿನಗರದಿಂದ ಕಂಪನಿಯ ಕೆಲಸದ ಮೇಲೆ ಹಾಂಗ್‌ಝೌಗೆ ಹೊರಟ ಗೆಳತಿಯೊಬ್ಬಳು, ಅಲ್ಲಿನ ಹೆಸರಾಂತ ಸರೋವರವಾದ ಶೀಹೂ, ಅಂದರೆ ಪಶ್ಚಿಮ ಸರೋವರ, ನೋಡುವುದಕ್ಕೆ ಏನೇನು ತಿಳಿದಿರಬೇಕು ಎಂದು ಕೇಳಿದಾಗ ನನಗೆ ಮೊದಲು ನೆನಪಾದವನು ಇವನೇ. ನಾನು ಚೀನಾ ನೋಡಿದವನಲ್ಲ. ಹೋಗಿಬಂದವರು ಹೇಳಿದ್ದನ್ನು, ಓದಿದ್ದನ್ನು ಜೋಡಿಸಿ ಹೇಳಬಲ್ಲೆ. ಆದರೆ ಹಾಗೆ ಜೋಡಿಸಿ ಹೇಳಿದ ಸಲಹೆಯನ್ನು ಎಷ್ಟು ನಂಬಬಹುದು? ಇಬ್ನ್ ಬತೂತನ ವಿಷಯದಲ್ಲಿ ವಿದ್ವಾಂಸರು ಕೇಳುತ್ತ ಬಂದಿರುವ ಪ್ರಶ್ನೆಯೂ ಇದೇ.

ದೆಹಲಿಯ ಮುಹಮ್ಮದ್ ಬಿನ್ ತುಘಲಕ್ ಅವನನ್ನು ಚೀನಾದ ಚಕ್ರವರ್ತಿಯ ಬಳಿಗೆ ರಾಯಭಾರಿಯಾಗಿ ಕಳಿಸಿದ. 1342ರ ಸುಮಾರಿಗೆ ಅವನು ಪಶ್ಚಿಮ ಕರಾವಳಿಯಲ್ಲಿದ್ದ. ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಹಡಗು ಒಡೆದು ಉಡುಗೊರೆಗಳೆಲ್ಲ ನೀರುಪಾಲಾದವು. ಬರಿಗೈಯಲ್ಲಿ ದೆಹಲಿಗೆ ಹೋಗಲು ಹೆದರಿ ಅವನು ಹೊನ್ನಾವರಕ್ಕೆ ಮರಳಿ ಬಂದು, ಅಲ್ಲಿನ ಸುಲ್ತಾನ ಜಮಾಲುದ್ದೀನನ ಆಶ್ರಯ ಪಡೆದ. ಮಾಲ್ಡೀವ್ಸ್, ಸಿಂಹಳಗಳನ್ನು ಸುತ್ತಿ ಚೀನಾ ತಲುಪಿದ್ದು 1345ರ ಹೊತ್ತಿಗೆ ಎಂದು ಲೆಕ್ಕ. ಊರಿಗೆ ಮರಳಿದ ಮೇಲೆ, ಫೆಜ್ ನಗರದಲ್ಲಿ ಇಬ್ನ್ ಜುಝೈ ಎಂಬ ಲೇಖಕನಿಗೆ ಹೇಳಿ ಬರೆಸಿದ ಕೃತಿ 'ರಿಹ್ಲಾ'. ಅದು ಮುಗಿದದ್ದು 1355ರ ಕೊನೆಯಲ್ಲಿ.

ಚೀನಾದ ಬಗ್ಗೆ ಅವನು ಬರೆಸಿದ ಪುಟಗಳನ್ನು ಇಂದಿನ ಪ್ರವಾಸಿಯೂ ಕೈಪಿಡಿಯಂತೆ ಓದಬಹುದು. ಚಿನ್ನ ಬೆಳ್ಳಿಯ ನಾಣ್ಯ ಹಿಡಿದು ಪೇಟೆಗೆ ಹೋದರೆ ಯಾರೂ ಮುಟ್ಟುವುದಿಲ್ಲ. ಅಂಗೈಯಗಲದ, ಮುದ್ರೆಯೊತ್ತಿದ ಕಾಗದವನ್ನೇ ಕೊಡಬೇಕು. ಹರಿದರೆ ಸರ್ಕಾರದ ಮನೆಯಲ್ಲಿ ಪುಕ್ಕಟೆ ಬದಲಿಸಿ ಕೊಡುತ್ತಾರೆ. ದಾರಿಯ ಛತ್ರಗಳಲ್ಲಿ ಸಂಜೆ ಅಧಿಕಾರಿಯೊಬ್ಬ ಗುಮಾಸ್ತನೊಡನೆ ಬಂದು ತಂಗಿದವರ ಹೆಸರನ್ನೆಲ್ಲ ಬರೆದು ಬಾಗಿಲಿಗೆ ಬೀಗ ಹಾಕುತ್ತಾನೆ, ಬೆಳಿಗ್ಗೆ ಹೆಸರು ಕರೆದು ಎಣಿಸುತ್ತಾನೆ. ವ್ಯಾಪಾರಿ ತನ್ನ ಹಣವನ್ನು ಛತ್ರದವನ ಕೈಗೆ ಒಪ್ಪಿಸಬಹುದು, ಕಳೆದುಹೋದರೆ ಆತನೇ ತುಂಬಿಕೊಡಬೇಕು. ಹೊರಗಿನವರು ಊರಿಗೆ ಬಂದರೆ ಚಿತ್ರಕಾರರು ಅವರಿಗೇ ಗೊತ್ತಾಗದಂತೆ ಮುಖ ಬರೆದು ಗೋಡೆಗೆ ಅಂಟಿಸುತ್ತಾರೆ. ತಪ್ಪು ಮಾಡಿ ಓಡಿದರೆ ಹಿಡಿಯುವುದಕ್ಕೆ. ಪ್ರಯಾಣಿಕನಿಗೆ ಇದಕ್ಕಿಂತ ಸುರಕ್ಷಿತವಾದ ದೇಶ ಇನ್ನೊಂದಿಲ್ಲ ಎಂಬುದು ಅವನ ತೀರ್ಮಾನ.

ಗೆಳತಿಗೆ ನಾನು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ನೋಟು ಹಿಡಿದು ಹೋಗುವುದಕ್ಕಿಂತ ಮೊಬೈಲಿನಲ್ಲಿ ಅಲಿಪೇ ಅಥವಾ ವೀಚಾಟ್ ಹಾಕಿಕೊಂಡು, ನಮ್ಮ ಬ್ಯಾಂಕಿನ ಅಂತರರಾಷ್ಟ್ರೀಯ ಕಾರ್ಡನ್ನು ಇಲ್ಲಿಂದಲೇ ಜೋಡಿಸಿಕೋ. ಬೀದಿಬದಿಯ ಅಂಗಡಿಯವರೂ ಕ್ಯೂಆರ್ ಕೋಡನ್ನೇ ಮುಂದಿಡುತ್ತಾರೆ. ಅಲಿಪೇ ಹುಟ್ಟಿದ ಊರೂ ಹಾಂಗ್‌ಝೌ. ಗಡಿಯಲ್ಲಿ ಬೆರಳಚ್ಚು, ಮುಖದ ಫೋಟೊ ತೆಗೆಯುತ್ತಾರೆ, ಗಾಬರಿಯಾಗಬೇಡ. ಹೋಟೆಲಿನವರು ಪಾಸ್‌ಪೋರ್ಟ್ ಪಡೆದು ಪೊಲೀಸರಲ್ಲಿ ನಿನ್ನ ಹೆಸರು ದಾಖಲಿಸುತ್ತಾರೆ. ಪರಿಚಿತರ ಮನೆಯಲ್ಲಿ ಉಳಿದರೂ 24 ಗಂಟೆಯೊಳಗೆ ಹೆಸರು ದಾಖಲಾಗಬೇಕು. ಗೂಗಲ್, ವಾಟ್ಸಾಪ್ ಅಲ್ಲಿನ ಜಾಲದಲ್ಲಿ ನಡೆಯುವುದಿಲ್ಲ. ಹೋಟೆಲಿನ ವಿಳಾಸವನ್ನು ಚೀನೀ ಲಿಪಿಯಲ್ಲಿ ಕಾಗದದ ಮೇಲೆ ಬರೆಸಿಟ್ಟುಕೋ. ಅಕ್ಟೋಬರ್ 1ರಿಂದ ಶುರುವಾಗುವ ರಾಷ್ಟ್ರೀಯ ರಜೆಯ ವಾರದಲ್ಲಿ ಸರೋವರದ ಕಡೆ ಹೋಗಬೇಡ, ಜನಜಂಗುಳಿಯಲ್ಲಿ ನೀರೇ ಕಾಣುವುದಿಲ್ಲ.

ಏಳು ಶತಮಾನ ಕಳೆದರೂ ಪಟ್ಟಿ ಇಷ್ಟು ಹೋಲುವುದಕ್ಕೆ ಕಾರಣವಿದೆ. ಹೊರಗಿನಿಂದ ಬಂದವನಿಗೆ ಮೊದಲು ಎದುರಾಗುವುದು ಸೌಂದರ್ಯವಲ್ಲ, ಆಡಳಿತ. ಹಣ ಯಾವುದು, ಹೆಸರು ಎಲ್ಲಿ ಬರೆಸಬೇಕು, ರಾತ್ರಿ ಎಲ್ಲಿ ಮಲಗಬೇಕು ಎಂಬುದು ಊರಿನವರಿಗೆ ಉಸಿರಾಟದಷ್ಟು ಸಹಜ; ಅವರು ಬರೆದಿಡುವುದಿಲ್ಲ. ಪರಕೀಯ ಮಾತ್ರ ಬರೆಯುತ್ತಾನೆ. ಚರಿತ್ರೆಯ ವಿದ್ಯಾರ್ಥಿಗೆ ಹಳೆಯ ಪ್ರವಾಸಿ ಸಲಹೆಗಳು ಮುಖ್ಯವಾಗುವುದು ಇಲ್ಲಿ. ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವು ಎಂಬ ಸಂಗತಿ ನಮಗೆ ತಿಳಿದಿರುವುದು ಈ ಹೊರಗಿನವನು ಬೆರಗಾಗಿ ಎಣಿಸಿದ್ದರಿಂದ. ಫಾಕನೂರ್ ಎಂದು ಅವನು ಕರೆಯುವ ಬಾರ್ಕೂರಿನ ಸಮುದ್ರದಲ್ಲಿ ಹಾಯುವ ಪ್ರತಿ ಹಡಗೂ ನಿಂತು ಅರಸನಿಗೆ ಬಂದರು ಕಾಣಿಕೆ ಕೊಡಬೇಕಿತ್ತು, ತಪ್ಪಿಸಿಕೊಂಡರೆ ಅಟ್ಟಿಸಿಕೊಂಡು ಹೋಗಿ ಎರಡು ಪಟ್ಟು ವಸೂಲಿ ಮಾಡುತ್ತಿದ್ದರು ಎಂಬುದನ್ನೂ ಅವನೇ ಹೇಳುತ್ತಾನೆ. ಅದು ಅಂದು ಹಡಗಿನವರಿಗೆ ಎಚ್ಚರಿಕೆ, ಇಂದು ನಮಗೆ ತುಳುನಾಡಿನ ಆರ್ಥಿಕ ಚರಿತ್ರೆ.

ಆದರೆ ಅವನು ನಿಜವಾಗಿ ಹಾಂಗ್‌ಝೌಗೆ ಹೋಗಿದ್ದನೇ? ಅವನು ದಕ್ಷಿಣದ ಬಂದರುಗಳನ್ನು ದಾಟಿ ಮುಂದೆ ಹೋಗಲಿಲ್ಲ ಎನ್ನುವ ವಿದ್ವಾಂಸರಿದ್ದಾರೆ, ಚೀನಾವನ್ನೇ ನೋಡಲಿಲ್ಲ ಎನ್ನುವವರೂ ಇದ್ದಾರೆ. ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಎರಡು ಊರುಗಳ ವರ್ಣನೆಯನ್ನು ಪಕ್ಕಪಕ್ಕ ಇಟ್ಟು ಓದಬಲ್ಲೆ.

ಹಾಂಗ್‌ಝೌವನ್ನು ಅವನು ಖನ್ಸಾ ಎನ್ನುತ್ತಾನೆ. ಆರು ಪೇಟೆಗಳ ನಗರ, ಪ್ರತಿಯೊಂದಕ್ಕೂ ಗೋಡೆ, ಮೊದಲನೆಯದರಲ್ಲಿ 12,000 ಕಾವಲುಗಾರರು, ಊರು ದಾಟಲು ಮೂರು ದಿನ. ಕಾಲುವೆಯ ಮೇಲೆ ಗಾಯಕರೊಡನೆ ದೋಣಿವಿಹಾರವಿದೆ. ಆಕಾಶಕ್ಕೆ ಎಸೆದ ಹಗ್ಗ ಹಿಡಿದು ಹುಡುಗನೊಬ್ಬ ಮಾಯವಾಗುವ ಜಾದೂ ಕೂಡ ಇದೆ. ಆದರೆ ಆ ನಗರದ ಕಣ್ಣಿನಂತಿರುವ ಪಶ್ಚಿಮ ಸರೋವರದ ವರ್ಣನೆ ಇಲ್ಲ. ಅವನಿಗಿಂತ ಎರಡು ತಲೆಮಾರು ಹಿಂದೆ ಚೀನಾದಲ್ಲಿದ್ದ ಮಾರ್ಕೊ ಪೋಲೊನ ಕೃತಿಯಲ್ಲಿ ಒಂದು ಕಡೆ ನದಿ, ಇನ್ನೊಂದು ಕಡೆ ಸರೋವರ, ಎರಡು ದ್ವೀಪಗಳು, ಬಾಡಿಗೆಗೆ ಸಿಗುವ ಚಾವಣಿಯ ದೋಣಿಗಳು ಎಲ್ಲವೂ ಇವೆ. ಮನೆಮನೆಯ ಬಾಗಿಲಲ್ಲಿ ಒಳಗಿರುವವರ ಹೆಸರು ಬರೆದಿರುತ್ತಿತ್ತು ಎಂಬ ವಿವರವೂ ಇದೆ.

ಹೊನ್ನಾವರದ ಪುಟಗಳು ಬೇರೆಯದೇ ರೀತಿ. ಅಲ್ಲಿ ಅವನು ಊಟ ಬಡಿಸಿದ ಕ್ರಮವನ್ನು ಒಂದೊಂದಾಗಿ ಹೇಳುತ್ತಾನೆ. ತಾಮ್ರದ ಸೌಟಿನಲ್ಲಿ ಅನ್ನ, ಅದರ ಮೇಲೆ ತುಪ್ಪ, ಪಕ್ಕಕ್ಕೆ ಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಮತ್ತೆ ಅನ್ನ, ಕೋಳಿ, ಮತ್ತೆ ಅನ್ನ, ಮೀನು, ಆಮೇಲೆ ತರಕಾರಿ, ಕೊನೆಗೆ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತು ಎಂದು ಅವನಿಗೆ ಗೊತ್ತಾಗಿತ್ತು. ಹನ್ನೊಂದು ತಿಂಗಳು ರೊಟ್ಟಿಯ ಮುಖ ನೋಡಲಿಲ್ಲ ಎನ್ನುತ್ತಾನೆ. ದ್ವೀಪ, ಸಿಂಹಳ, ಮಲಬಾರುಗಳಲ್ಲಿ ಮೂರು ವರ್ಷ ಅನ್ನವನ್ನೇ ತಿಂದು, ಕೊನೆಕೊನೆಗೆ ನೀರು ಕುಡಿಯದೆ ತುತ್ತು ಇಳಿಯುತ್ತಿರಲಿಲ್ಲವಂತೆ. ಮೊಸರಿನಿಂದ ಊಟ ಮುಗಿಸುವ ಯಾವ ಕನ್ನಡಿಗನೂ ಇವನು ಇಲ್ಲಿ ಕೂತು ಉಂಡಿದ್ದನೇ ಎಂದು ಅನುಮಾನಪಡಲಾರ. ನಗರದ ಗೋಡೆ ಎಷ್ಟು, ಕಾವಲುಗಾರರು ಎಷ್ಟು ಎಂಬುದನ್ನು ಬಂದರಿನಲ್ಲಿ ಕೂತು ಕೇಳಿ ತಿಳಿಯಬಹುದು. ಗಂಟಲಲ್ಲಿ ಸಿಕ್ಕಿಕೊಂಡ ತುತ್ತನ್ನು ಕೇಳಿ ತಿಳಿಯಲಾಗದು.

ಹಾಗೆಂದು ಖನ್ಸಾದ ಪುಟಗಳೆಲ್ಲ ಸುಳ್ಳು ಎಂದು ನಾನು ಹೇಳುವುದಿಲ್ಲ. ಚೀನಾದಲ್ಲಿ ಹೊರಗೆ ಹೋದರೆ ತನ್ನ ಧರ್ಮಕ್ಕೆ ಸಲ್ಲದ ನೋಟಗಳೇ ಕಾಣುತ್ತಿದ್ದವು, ಆದ್ದರಿಂದ ಆದಷ್ಟು ಮನೆಯೊಳಗೇ ಇರುತ್ತಿದ್ದೆ ಎಂದು ಅವನು ತಾನೇ ಹೇಳುತ್ತಾನೆ. ಬಾಗಿಲು ಹಾಕಿಕೊಂಡವನಿಗೆ ಸರೋವರ ಕಾಣದಿದ್ದರೆ ಆಶ್ಚರ್ಯವಿಲ್ಲ. ಹೊನ್ನಾವರದಲ್ಲಿ ಅವನು ಅತಿಥಿ, ಸಹಭೋಜಿ. ಖನ್ಸಾದಲ್ಲಿ ಬರಿಯ ಪರಕೀಯ. ಒಬ್ಬನೇ ಮನುಷ್ಯನ ಕಣ್ಣು ಎರಡು ಊರಿನಲ್ಲಿ ಎರಡು ರೀತಿ ಕೆಲಸ ಮಾಡಿದೆ.

ಸರೋವರದ ಹತ್ತಿರವೇ ಇದಕ್ಕೆ ತದ್ವಿರುದ್ಧವಾದ ಕತೆಯೊಂದಿದೆ. ಅಲ್ಲಿನ ಲಿಂಗ್‌ಯಿನ್ ವಿಹಾರವನ್ನು ನಾಲ್ಕನೆಯ ಶತಮಾನದಲ್ಲಿ ಸ್ಥಾಪಿಸಿದವನು ಹುಯಿಲಿ ಎಂಬ ಭಾರತೀಯ ಭಿಕ್ಷು ಎಂದು ಪರಂಪರೆ ಹೇಳುತ್ತದೆ. ಎದುರಿನ ಬೆಟ್ಟ ಕಂಡು ಅವನು, ಇದು ನಮ್ಮ ಗೃಧ್ರಕೂಟದ ತುಣುಕು, ಇಲ್ಲಿಗೆ ಹೇಗೆ ಹಾರಿ ಬಂತು ಎಂದನಂತೆ. ಈಗಲೂ ಆ ಬೆಟ್ಟದ ಹೆಸರು ಫೇಯ್‌ಲಾಯ್ ಫೆಂಗ್, ಹಾರಿಬಂದ ಬೆಟ್ಟ. ಪರದೇಶದಲ್ಲಿ ನಮ್ಮದನ್ನೇ ಕಾಣುವುದೂ ಒಂದು ಬಗೆಯ ಕುರುಡು. ಆದರೆ ಒಮ್ಮೊಮ್ಮೆ ಅದು ದಾರಿಯನ್ನೂ ತೆರೆಯುತ್ತದೆ.

ಏಕೆಂದರೆ ಶೀಹೂವನ್ನು ಸರೋವರ ಎನ್ನುವುದಕ್ಕಿಂತ ಕೆರೆ ಎಂದರೆ ನಮಗೆ ಬೇಗ ಅರ್ಥವಾಗುತ್ತದೆ. ಬಾಯ್ ಜೂಯಿ ಕವಿಯೆಂದು ಪ್ರಸಿದ್ಧ. 822ರಿಂದ 824ರವರೆಗೆ ಅವನು ಅಲ್ಲಿನ ಅಧಿಕಾರಿಯಾಗಿದ್ದ. ಏರಿ ಎತ್ತರಿಸಿ ನೀರು ನಿಲ್ಲಿಸಿದ. ವರ್ಗವಾಗಿ ಹೊರಡುವಾಗ ಮುಂದೆ ಬರುವವರಿಗಾಗಿ ಒಂದು ಶಾಸನ ಬರೆದಿಟ್ಟ: ನೀರು ಒಂದು ಅಂಗುಲ ಇಳಿದರೆ ಎಷ್ಟು ಗದ್ದೆಗೆ ಸಾಲುತ್ತದೆ, ತೂಬನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು. ಸರೋವರಕ್ಕೆ ಹೊಸದಾಗಿ ಬರುವವರಿಗೆಂದು ಬರೆದ ಹಳೆಯ ಪ್ರಾಯೋಗಿಕ ಸಲಹೆಗಳಲ್ಲಿ ಇದೂ ಒಂದು. ಮುಂದೆ 1090ರಲ್ಲಿ ಇನ್ನೊಬ್ಬ ಕವಿ, ಸು ದೊಂಗ್‌ಪೋ, ಅಲ್ಲಿನ ಅಧಿಕಾರಿಯಾಗಿದ್ದಾಗ ತುಂಬಿಹೋಗಿದ್ದ ಹೂಳು, ಜೊಂಡು ತೆಗೆಸಿ, ಅದೇ ಹೂಳಿನಿಂದ ಸುಮಾರು 2.8 ಕಿಲೋಮೀಟರ್ ಉದ್ದದ ಏರಿ ಕಟ್ಟಿಸಿದ. ಇಂದು ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವ ದಾರಿ ಅದೇ. 2011ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಬರಿಯ ನೀರನ್ನಲ್ಲ, ಶತಮಾನಗಳ ಈ ದುಡಿಮೆಯನ್ನೂ.

ಇದು ನಮಗೆ ಹೊಸದಲ್ಲ. ಬಿತ್ತುವಟ್ಟ, ಕಟ್ಟುಕೊಡಗಿ, ದಶವಂದ ಎಂಬ ಹೆಸರುಗಳಲ್ಲಿ ಕೆರೆಯ ಹೂಳು ತೆಗೆಯಲು, ಏರಿ ಕಾಯಲು ಭೂಮಿ ಬಿಟ್ಟ ಸಂಗತಿ ನಮ್ಮ ಶಾಸನಗಳಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಇಬ್ನ್ ಬತೂತ ತೀರಿಕೊಂಡ ಕಾಲಕ್ಕೆ ಹತ್ತಿರದ 1369ರಲ್ಲಿ, ವಿಜಯನಗರದ ರಾಜಕುಮಾರ ಭಾಸ್ಕರ ಇಂದಿನ ಆಂಧ್ರದ ಪೊರುಮಾಮಿಳ್ಳದಲ್ಲಿ ಹಾಕಿಸಿದ ಶಾಸನ ಒಳ್ಳೆಯ ಕೆರೆಯ 12 ಅಂಗಗಳನ್ನೂ 6 ದೋಷಗಳನ್ನೂ ಪಟ್ಟಿ ಮಾಡುತ್ತದೆ. ಕಟ್ಟಲು ಸಾವಿರ ಆಳು, ನೂರು ಗಾಡಿ, ಎರಡು ವರ್ಷ ಬೇಕಾಯಿತು ಎಂಬ ಲೆಕ್ಕವೂ ಅಲ್ಲಿದೆ.

ರಾಜರಾಜೇಶ್ವರಿನಗರದ ಹಲಗೆವಡೇರಹಳ್ಳಿ ಕೆರೆಯ ದಂಡೆಯಲ್ಲಿ, ಜ್ಞಾನಭಾರತಿಗೆ ಹತ್ತಿರದ ಮಲ್ಲತ್ತಹಳ್ಳಿ ಕೆರೆಯ ದಂಡೆಯಲ್ಲಿ ಬೆಳಿಗ್ಗೆ ನಡೆಯುವ ನಮ್ಮಲ್ಲಿ ಎಷ್ಟು ಮಂದಿಗೆ ತೂಬು ಎಲ್ಲಿತ್ತು, ಕೋಡಿ ಯಾವ ಕಡೆ ಹರಿಯುತ್ತಿತ್ತು, ಕೆಳಗೆ ಯಾರ ಗದ್ದೆಯಿತ್ತು ಎಂದು ಗೊತ್ತು? ಅದನ್ನು ಹೇಳಬಲ್ಲ ಹಿರಿಯರು ಈ ಬಡಾವಣೆಗಳ ನಡುವೆ ಸಿಕ್ಕಿಕೊಂಡ ಹಳೆಯ ಹಳ್ಳಿಮನೆಗಳಲ್ಲಿ ಇನ್ನೂ ಇದ್ದಾರೆ. ಊರಿನವರಿಗೆ ಎಲ್ಲವೂ ಗೊತ್ತಿದ್ದ ಕಾಲದಲ್ಲಿ ಯಾರೂ ಬರೆದಿಡಲಿಲ್ಲ. ಈಗ ಇಲ್ಲಿಗೆ ಬಂದು ನೆಲೆಸಿದ ನಾವೆಲ್ಲ ಒಂದು ಲೆಕ್ಕದಲ್ಲಿ ಪರಕೀಯರೇ. ಕೇಳಿ ಬರೆದಿಡುವ ಕೆಲಸ ನಮ್ಮದು.

ಆದ್ದರಿಂದ ಗೆಳತಿಗೆ ಕಳಿಸಿದ ಪಟ್ಟಿಯ ಕೊನೆಗೆ ಇನ್ನೆರಡು ಸಾಲು ಸೇರಿಸಿದ್ದೇನೆ. ಸರೋವರದ ದಂಡೆಗೆ ಟಿಕೆಟ್ ಇಲ್ಲ, ದೋಣಿಗೆ ಮಾತ್ರ ಇದೆ. ಬೆಳಗಿನ ಜಾವವೇ ಹೋಗಿ ಸು ದೊಂಗ್‌ಪೋನ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಯಾರನ್ನಾದರೂ ಕೇಳಿ, ಅಲ್ಲಿ ಏನು ಉಂಡೆ ಎಂಬುದರ ಜೊತೆಗೆ ಬರೆದುಕೊಂಡು ಬಾ.