ಕಳಿಂಗದಲ್ಲಿ ಕೆತ್ತಿಸದ ಪಶ್ಚಾತ್ತಾಪ: ಅಶೋಕನ ಪ್ರತ್ಯೇಕ ಶಾಸನಗಳಲ್ಲಿ ರಾಜಕರುಣೆಯ ಸ್ವರೂಪ

ಪಟ್ಟಾಭಿಷೇಕವಾಗಿ 8 ವರ್ಷಗಳು ಸಂದ ಮೇಲೆ ತಾನು ಕಳಿಂಗವನ್ನು ಜಯಿಸಿದುದಾಗಿಯೂ, ಅಲ್ಲಿಂದ 1,50,000 ಜನರು ಸೆರೆಯಾಗಿ ಒಯ್ಯಲ್ಪಟ್ಟರೆಂದೂ, 1,00,000 ಜನರು ಹತರಾದರೆಂದೂ, ಅದರ ಎಷ್ಟೋ ಪಾಲು ಹೆಚ್ಚು ಜನರು ಅನ್ಯಥಾ ಅಳಿದರೆಂದೂ ಅಶೋಕನು ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ ತಾನೇ ಹೇಳಿ, ಅದಕ್ಕಾಗಿ ಮರುಗಿದುದು ಇತಿಹಾಸಜ್ಞರಿಗೆ ವಿದಿತವೇ ಆಗಿದೆ. ಈ ಸಂಖ್ಯೆಗಳು ಎಣಿಸಿ ಬರೆದವಲ್ಲ, ಸ್ಥೂಲವಾದುವು ಎಂಬ ಶಂಕೆ ನ್ಯಾಯವಾದುದೇ. ಆದರೂ ಗೆದ್ದ ಅರಸನು ತನ್ನ ಗೆಲವಿನ ಹಾನಿಯನ್ನು ಕಿರಿದುಮಾಡದೆ ಲೋಕಕ್ಕೆ ಸಾರಿದ ನಿದರ್ಶನಗಳು ಪ್ರಾಚೀನ ಜಗತ್ತಿನಲ್ಲಿ ವಿರಳ. ಇಂತಹ ಲೇಖವು ಗಿರ್ನಾರದಲ್ಲಿದೆ, ಕಾಲ್ಸಿಯಲ್ಲಿದೆ, ವಾಯವ್ಯದ ಶಾಹಬಾಜ್‌ಗಢಿಯಲ್ಲಿದೆ; ಕಳಿಂಗದಲ್ಲಿ ಮಾತ್ರ ಇಲ್ಲ. ದಯಾ ನದಿಯ ಸಮೀಪದ ಧೌಲಿಯಲ್ಲಿಯೂ, ಋಷಿಕುಲ್ಯಾ ತೀರದ ಜೌಗಡದಲ್ಲಿಯೂ ಹತ್ತನೆಯ ಶಾಸನದವರೆಗೆ ಕೆತ್ತಿ, ಮುಂದಿನ ಮೂರನ್ನು ಬಿಟ್ಟು, ಹದಿನಾಲ್ಕನೆಯದನ್ನು ಕೆತ್ತಿ, ಬೇರೆಡೆ ಸಾಮಾನ್ಯವಾಗಿ ಕಾಣದ ಎರಡು ಪ್ರತ್ಯೇಕ ಶಾಸನಗಳನ್ನು ಅಲ್ಲಿ ಸೇರಿಸಲಾಗಿದೆ.

ಸೋತವರೆದುರಿಗೆ ಸೋಲಿನ ಲೆಕ್ಕವನ್ನು ಓದಿ ಹೇಳುವುದು ರಾಜನೀತಿಗೆ ಹಿತವಾದುದಲ್ಲವೆಂದು ಈ ಲೋಪಕ್ಕೆ ಸಾಮಾನ್ಯವಾಗಿ ಕಾರಣ ಕೊಡುವುದುಂಟು. ಅದು ಒಪ್ಪತಕ್ಕ ಮಾತೇ. ಆದರೆ ಆ ವಿವರಣೆಯು ಬಿಟ್ಟುಹೋದ ಶಾಸನಕ್ಕೆ ಕಾರಣವನ್ನು ಹೇಳುತ್ತದೆಯೇ ಹೊರತು, ಅದರ ಎಡೆಯಲ್ಲಿ ಬಂದು ನಿಂತ ಶಾಸನಗಳು ಏಕೆ ಹಾಗಿವೆ ಎಂಬುದನ್ನು ಹೇಳುವುದಿಲ್ಲ. ಅರಸನ ಅಳಲು ದೂರದ ಪ್ರಾಂತಗಳ ಪ್ರಜೆಗಳಿಗೆ ಉಪದೇಶವಾಗಬಹುದಿತ್ತು; ಮನೆಮಠಗಳನ್ನು ಕಳೆದುಕೊಂಡವರಿಗೆ ಅದರಿಂದ ಆಗಬೇಕಾದುದೇನೂ ಇರಲಿಲ್ಲ. ಅವರಿಗೆ ಬೇಕಾಗಿದ್ದುದು ಹೊಸ ಅಧಿಕಾರಿಗಳ ಕೈಯಲ್ಲಿ ಸಿಕ್ಕಿ ನಲುಗದಂತೆ ಕಾಪು. ಪ್ರತ್ಯೇಕ ಶಾಸನಗಳು ಮಾತನಾಡುವುದು ಆ ಕಾಪನ್ನು ಕುರಿತು, ಅದೂ ಪ್ರಜೆಗಳನ್ನು ಉದ್ದೇಶಿಸಿಯಲ್ಲ, ಕಳಿಂಗದ ತೋಸಲಿಯ ಮತ್ತು ಸಮಾಪೆಯ ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳನ್ನು ಉದ್ದೇಶಿಸಿ, ಎಂಬುದೇ ನನ್ನ ವಾದದ ಆಧಾರ.

ಮೊದಲನೆಯ ಪ್ರತ್ಯೇಕ ಶಾಸನದಲ್ಲಿ ಎಲ್ಲ ಮನುಷ್ಯರೂ ತನ್ನ ಮಕ್ಕಳೆಂಬ ಪ್ರಸಿದ್ಧವಾದ ಘೋಷಣೆಯಿದೆ. ನಮ್ಮ ಪಠ್ಯಪುಸ್ತಕಗಳು ಅಲ್ಲಿಗೇ ನಿಂತುಬಿಡುತ್ತವೆ, ಶಾಸನವು ನಿಲ್ಲುವುದಿಲ್ಲ. ಮಹಾಮಾತ್ರರು ಈ ಮಾತಿನ ಅರ್ಥವನ್ನು ಪೂರ್ಣವಾಗಿ ತಿಳಿದಿಲ್ಲವೆಂದೂ, ತಿಳಿದವನೂ ಅರ್ಧವನ್ನೇ ತಿಳಿದಿರುವನೆಂದೂ ದೊರೆ ನೇರವಾಗಿ ಆಕ್ಷೇಪಿಸುತ್ತಾನೆ. ಯಾವನೋ ಒಬ್ಬನು ನಿಷ್ಕಾರಣವಾಗಿ ಸೆರೆಗೋ ಕಠೋರ ದಂಡನೆಗೋ ಗುರಿಯಾಗುತ್ತಾನೆ, ಅದರಿಂದ ಇನ್ನೂ ಅನೇಕರು ನೋಯುತ್ತಾರೆ ಎಂದು ತೋರಿಸಿ, ಇಂತಹ ಅನ್ಯಾಯಕ್ಕೆ ಎಡೆಗೊಡುವ ದೋಷಗಳನ್ನು ಆತನು ಪಟ್ಟಿಮಾಡುತ್ತಾನೆ: ಅಸೂಯೆ, ಮುಂಗೋಪ, ನಿಷ್ಠುರತೆ, ಆತುರ, ಅಭ್ಯಾಸದ ಅಭಾವ, ಆಲಸ್ಯ, ಬಳಲಿಕೆ. ಮೊದಲಿನ ಮೂರನ್ನು ಯಾವ ನೀತಿಗ್ರಂಥವಾದರೂ ಹೇಳೀತು. ಕಡೆಯ ನಾಲ್ಕನ್ನು, ವಿಶೇಷವಾಗಿ ಬಳಲಿಕೆಯನ್ನು, ಹೆಸರಿಸಬೇಕಾದರೆ ಆಡಳಿತವನ್ನು ಒಳಗಿನಿಂದ ಕಂಡಿರಬೇಕು. ನಿರ್ದಯತೆಯಿಂದ ಎಷ್ಟು ಜನ ನಿರಪರಾಧಿಗಳು ಕೆಡುತ್ತಾರೋ, ದಣಿದ ಅಧಿಕಾರಿಯು ಕಡತವನ್ನು ಬದಿಗಿಟ್ಟು ಏಳುವುದರಿಂದಲೂ ಅಷ್ಟೇ ಜನ ಕೆಡಬಹುದೆಂಬ ಅರಿವು ಇಲ್ಲಿದೆ.

ಅರಿವಿಗೆ ತಕ್ಕ ವಿಧಾನವನ್ನೂ ಆತನು ಒದಗಿಸಿದನು. ಕಠೋರನೂ ಕ್ರೂರನೂ ಅಲ್ಲದ ಅಧಿಕಾರಿಯೊಬ್ಬನನ್ನು 5 ವರ್ಷಗಳಿಗೊಮ್ಮೆ ಸಂಚಾರಕ್ಕೆ ಕಳುಹಿಸತಕ್ಕದ್ದು. ಉಜ್ಜಯಿನಿಯ ಕುಮಾರನು ಇಂಥವರನ್ನು 3 ವರ್ಷ ಮೀರದಂತೆ ಕಳುಹಿಸತಕ್ಕದ್ದು, ತಕ್ಷಶಿಲೆಯಿಂದಲೂ ಹಾಗೆಯೇ. ಶಾಸನವನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಓದಿ ಕೇಳಿಸಬೇಕು, ನಡುವೆ ಸಂದರ್ಭ ಬಂದಾಗ ಒಬ್ಬನೇ ಇದ್ದರೂ ಅವನಿಗೆ ಕೇಳಿಸಬೇಕು. ಅಧಿಕಾರಿಗೆ ಬರೆದ ಬುದ್ಧಿವಾದವನ್ನು ಪ್ರಜೆಯ ಕಿವಿಗೂ ಬೀಳಿಸಿದಾಗ, ಅದು ಬುದ್ಧಿವಾದವಾಗಿ ಮಾತ್ರ ಉಳಿಯದೆ, ಆ ಅಧಿಕಾರಿಯನ್ನು ಅಳೆಯುವ ಕೋಲನ್ನು ಪ್ರಜೆಯ ಕೈಗೆ ಕೊಟ್ಟಂತಾಗುತ್ತದೆ.

ಎರಡನೆಯ ಶಾಸನವು ಗಡಿಯಾಚೆಯ ಅವಿಜಿತ ಜನರನ್ನು ಕುರಿತದ್ದು. ಈ ದೊರೆಯ ಮನಸ್ಸಿನಲ್ಲಿ ನಮ್ಮ ಬಗೆಗೆ ಏನಿದೆಯೋ ಎಂಬ ಅವರ ಆತಂಕವನ್ನು ಊಹಿಸಿಕೊಂಡು, ತನ್ನಿಂದ ಅವರಿಗೆ ದುಃಖವಲ್ಲ, ಸುಖವೇ ಒದಗುವುದೆಂಬ ಭರವಸೆಯನ್ನು ಅವರಲ್ಲಿ ಹುಟ್ಟಿಸುವ ಹೊಣೆಯನ್ನು ಅಧಿಕಾರಿಗಳಿಗೆ ಹೊರಿಸಲಾಗಿದೆ. ಆ ಭರವಸೆಗೆ ಒಂದು ಷರತ್ತೂ ಉಂಟು: ಕ್ಷಮಿಸಲು ಶಕ್ಯವಾದಷ್ಟನ್ನು ದೊರೆ ಕ್ಷಮಿಸುವನು.

ಈ ಲೇಖಗಳು ಕಳಿಂಗಕ್ಕೆ ಮಾತ್ರ ಮೀಸಲಾದುವೆಂಬ ಅಭಿಪ್ರಾಯವನ್ನು ಅಲುಗಿಸಿದುದು ಕನ್ನಡನಾಡಿನ ಒಂದು ಶಿಲೆ. ಭೀಮಾ ತೀರದ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ಕಾಳಿಕಾ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ, 1989ರಲ್ಲಿ ಅಶೋಕನ ಶಾಸನಗಳು ಗೋಚರಿಸಿದುವು. ಅದರಲ್ಲಿ ಹನ್ನೆರಡನೆಯದೂ ಹದಿನಾಲ್ಕನೆಯದೂ ಇವೆ, ಹದಿಮೂರನೆಯದು ಇಲ್ಲ. ಎರಡು ಪ್ರತ್ಯೇಕ ಶಾಸನಗಳು ಇವೆ. ಸನ್ನತಿಯನ್ನು ಕಳಿಂಗದ ಭಾಗವೆನ್ನಲು ಆಧಾರವಿಲ್ಲವಾದುದರಿಂದ, ಅಧಿಕಾರಿಗಳ ನಡತೆಯನ್ನು ವಿಶೇಷವಾಗಿ ಬಿಗಿಹಿಡಿಯಬೇಕೆಂದು ದೊರೆಗೆ ತೋರಿದ ಇತರ ಎಡೆಗಳಲ್ಲಿಯೂ ಇವನ್ನು ಕೆತ್ತಿಸಿರಬೇಕೆಂದು ಊಹಿಸುವುದು ಯುಕ್ತ. ದಕ್ಷಿಣದಲ್ಲಿ ಆಜ್ಞೆ ಹರಿಯುತ್ತಿದ್ದ ಬಗೆಯನ್ನು ಬ್ರಹ್ಮಗಿರಿಯ ಶಾಸನ ತೋರಿಸುತ್ತದೆ: ಅಲ್ಲಿ ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಆಮೇಲೆ ಆದೇಶವನ್ನು ತಿಳಿಸುತ್ತಾರೆ.

ಹೀಗೆಂದು ಅಶೋಕನನ್ನು ಕರುಣೆಯ ಮೂರ್ತಿಯೆಂದು ಕೊಂಡಾಡಿ ಸುಮ್ಮನಾಗುವುದು ಸಲ್ಲದು. ಕಳಿಂಗವನ್ನು ಆತನು ಹಿಂದಿರುಗಿಸಲಿಲ್ಲ. ಸೆರೆಹೋದವರು ಮರಳಲೆಂದು ಆಜ್ಞಾಪಿಸಿದ ಶಾಸನ ಯಾವುದೂ ದೊರೆತಿಲ್ಲ. ಮರುಗಿದ ಆ ಲೇಖದಲ್ಲಿಯೇ, ಅಡವಿಯ ಜನರಿಗೆ ತನ್ನ ಅನುತಾಪದ ಹಿಂದೆ ಬಲವೂ ಇದೆಯೆಂಬ ಎಚ್ಚರಿಕೆಯನ್ನು ಕೊಟ್ಟಿದ್ದಾನೆ. ಪಟ್ಟಾಭಿಷೇಕದ 26 ವರ್ಷಗಳ ತರುವಾಯ ಬರೆಯಿಸಿದ ನಾಲ್ಕನೆಯ ಸ್ತಂಭಶಾಸನದಲ್ಲಿ, ಲಕ್ಷಾಂತರ ಜನರ ಮೇಲೆ ನಿಯುಕ್ತರಾದ ರಜ್ಜುಕರೆಂಬ ಅಧಿಕಾರಿಗಳು ವ್ಯವಹಾರದಲ್ಲಿಯೂ ದಂಡದಲ್ಲಿಯೂ ಸಮತೆಯನ್ನು ಪಾಲಿಸಬೇಕೆಂದು ವಿಧಿಸಿ, ವಧೆಗೆ ಗುರಿಯಾದ ಸೆರೆಯಾಳುಗಳಿಗೆ 3 ದಿನಗಳ ಅವಧಿಯನ್ನು ಕೊಟ್ಟನು. ಆ ಅವಧಿಯೊಳಗೆ ಬಂಧುಗಳು ಪ್ರಾಣದಾನಕ್ಕಾಗಿ ಮೊರೆಯಿಡಬಹುದು, ಮೊರೆಯಿಡುವವರಿಲ್ಲದವನು ದಾನೋಪವಾಸಗಳಿಂದ ಪರಲೋಕಕ್ಕೆ ಅಣಿಯಾಗಬಹುದು. ಮರಣದಂಡನೆಯನ್ನು ಮಾತ್ರ ಆತನು ತೆಗೆದುಹಾಕಲಿಲ್ಲ.