ಎಚ್‌ಐವಿ ಪರೀಕ್ಷೆ: ‘ನೆಗೆಟಿವ್’ ಎಂದರೆ ನಿಶ್ಚಿಂತೆಯೇ?

ಎಚ್‌ಐವಿ ಸೋಂಕು ತಗುಲಿದ ಮರುದಿನವೇ ರಕ್ತ ಪರೀಕ್ಷಿಸಿದರೆ ಏನೂ ಕಾಣದು. ಸಾಮಾನ್ಯ ಎಲಿಸಾ ಹಾಗೂ ರ‍್ಯಾಪಿಡ್ ಪರೀಕ್ಷೆಗಳು ಹುಡುಕುವುದು ವೈರಾಣುವನ್ನಲ್ಲ, ಅದರ ವಿರುದ್ಧ ದೇಹ ಉತ್ಪಾದಿಸುವ ಪ್ರತಿಕಾಯಗಳನ್ನು. ಅವು ಪತ್ತೆಯಾಗುವ ಮಟ್ಟಕ್ಕೇರಲು ಮೂರು ವಾರಗಳಿಂದ ಮೂರು ತಿಂಗಳು ಬೇಕು. ಇದೇ ‘ವಿಂಡೋ ಪೀರಿಯಡ್’. ಈ ಅವಧಿಯಲ್ಲಿ ವರದಿ ‘ನೆಗೆಟಿವ್’ ಎಂದಿದ್ದರೂ ಸೋಂಕು ಮತ್ತೊಬ್ಬರಿಗೆ ಹರಡಬಲ್ಲದು; ರಕ್ತದಲ್ಲಿ ವೈರಾಣುಗಳ ಪ್ರಮಾಣ ವಿಪರೀತವಾಗಿರುವುದೂ ಆಗಲೇ. ಆದ್ದರಿಂದ ಮೂರು ತಿಂಗಳ ನಂತರ ಮರುಪರೀಕ್ಷೆ ಅವಶ್ಯ. ಪಿ24 ಪ್ರತಿಜನಕವನ್ನೂ ಗುರುತಿಸುವ ನಾಲ್ಕನೇ ತಲೆಮಾರಿನ ಪರೀಕ್ಷೆ ಈ ಅವಧಿಯನ್ನು ಕುಗ್ಗಿಸಿದೆ, ಇಲ್ಲವಾಗಿಸಿಲ್ಲ.

ಒಂದೇ ‘ಪಾಸಿಟಿವ್’ ಫಲಿತಾಂಶವೂ ಅಂತಿಮವಲ್ಲ. ರೋಗಲಕ್ಷಣವಿಲ್ಲದವರಲ್ಲಿ ಮೂರು ಭಿನ್ನ ಕಿಟ್‌ಗಳಿಂದ ದೃಢಪಡಿಸಿಕೊಳ್ಳುವುದು ನಮ್ಮ ದೇಶದ ಕ್ರಮ. ಹದಿನೆಂಟು ತಿಂಗಳೊಳಗಿನ ಶಿಶುವಿನಲ್ಲಿ ತಾಯಿಯ ಪ್ರತಿಕಾಯಗಳೇ ಇರಬಹುದಾದ್ದರಿಂದ ಪಿಸಿಆರ್ ವಿಧಾನವೇ ಗತಿ.

ವಿಶ್ವ ಆರೋಗ್ಯ ಸಂಸ್ಥೆಯು ಸೋಂಕನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದೆ. ಮೊದಲನೆಯದರಲ್ಲಿ ಲಕ್ಷಣಗಳಿಲ್ಲ, ಹೆಚ್ಚೆಂದರೆ ದುಗ್ಧಗ್ರಂಥಿಗಳ ಊತ; ಚಿಕಿತ್ಸೆಯಿಲ್ಲದೆಯೂ ಇದು ವರ್ಷಗಟ್ಟಲೆ ಮುಂದುವರಿಯಬಹುದು. ಎರಡನೆಯದರಲ್ಲಿ ಸರ್ಪಸುತ್ತು, ಅಲ್ಪ ತೂಕನಷ್ಟ. ಶ್ವಾಸಕೋಶದ ಕ್ಷಯ, ತಿಂಗಳು ಮೀರಿದ ಭೇದಿ ಮೂರನೆಯದರ ಗುರುತು. ಮಿದುಳುಪೊರೆಯ ಕ್ರಿಪ್ಟೊಕಾಕಲ್ ಸೋಂಕಿನಂತಹ ಮಾರಕ ಕಾಯಿಲೆಗಳು ಕಾಣಿಸಿಕೊಂಡಾಗ ಅದು ನಾಲ್ಕನೆಯ ಹಂತ, ಅರ್ಥಾತ್ ಏಡ್ಸ್.

ಹಿಂದೆ ಸಿಡಿ4 ಕಣಗಳ ಸಂಖ್ಯೆ ಕುಸಿಯುವವರೆಗೆ ಔಷಧಕ್ಕಾಗಿ ಕಾಯಬೇಕಿತ್ತು. 2017ರಿಂದ ಭಾರತದಲ್ಲಿ ಹಂತ ಯಾವುದೇ ಇರಲಿ, ಸೋಂಕು ದೃಢಪಟ್ಟವರೆಲ್ಲರೂ ಎಆರ್‌ಟಿ ಚಿಕಿತ್ಸೆಗೆ ಅರ್ಹರು. ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ ಹಾಗೂ ಗೋಪ್ಯ. ಸೋಂಕಿನ ಸಂದೇಹಕ್ಕೆ ಎಡೆಯಾದ ಘಟನೆ ನಡೆದು 72 ಗಂಟೆ ಮೀರಿರದಿದ್ದರೆ ಪರೀಕ್ಷೆಗಾಗಿ ಕಾಯದೆ ವೈದ್ಯರನ್ನು ಕಾಣಬೇಕು. ಸೋಂಕು ತಡೆಯುವ ಔಷಧ ಫಲಿಸುವುದು ಅಷ್ಟರೊಳಗೆ ಮಾತ್ರ.