ಗೂಢಲಿಪೀಕರಣ ಮತ್ತು ಸರ್ಕಾರಿ ಕಣ್ಗಾವಲು

ಕಳಿಸಿದವರು, ಪಡೆದವರು ಬಿಟ್ಟು ಬೇರಾರೂ ಓದಲಾಗದಂತೆ ಸಂದೇಶವನ್ನು ಗಣಿತದ ಕೀಲಿಯಿಂದ ಮರೆಮಾಡುವ ತಂತ್ರ ಗೂಢಲಿಪೀಕರಣ. ಅದನ್ನು ಭೇದಿಸುವ ಅಧಿಕಾರ ಸರ್ಕಾರಕ್ಕಿರಬೇಕೇ ಎಂಬುದು ವಿವಾದದ ತಿರುಳು. ಕದ್ದಾಲಿಕೆಯ ಅಧಿಕಾರ ರಾಜಕೀಯಕ್ಕೆ ಬಳಕೆಯಾದೀತೆಂಬ ಭೀತಿ ಕರ್ನಾಟಕಕ್ಕೆ ಹೊಸದಲ್ಲ: ದೂರವಾಣಿ ಕದ್ದಾಲಿಕೆ ಆರೋಪದ ಮೇಲೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ 1988ರಲ್ಲಿ ರಾಜೀನಾಮೆಯಿತ್ತರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ 2012ರಲ್ಲಿ ಹೂಡಿದ ಅರ್ಜಿಯಿಂದ ಬೆಳೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಸಂದೇಶದ ಮೂಲ ಕರ್ತೃವನ್ನು ಗುರುತಿಸಿಕೊಡಬೇಕೆಂಬ 2021ರ ಮಾಹಿತಿ ತಂತ್ರಜ್ಞಾನ ನಿಯಮವನ್ನು ವಾಟ್ಸ್ಆ್ಯಪ್ ಅದು ಗೂಢಲಿಪೀಕರಣವನ್ನು ಮುರಿಯುತ್ತದೆಂದು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಅಪರಾಧ ತನಿಖೆಗೆ ಇಂಥ ನಿಯಮ ಬೇಕೆಂಬ ವಾದ ಹಗುರವಲ್ಲ. ಆದರೆ ಪೊಲೀಸರಿಗೆಂದು ಇಟ್ಟ ಕಿಂಡಿ ಕಳ್ಳರಿಗೂ ತೆರೆದಿರುತ್ತದೆ. ಮೇಲಾಗಿ, ಭಾರತದಲ್ಲಿ ಕದ್ದಾಲಿಕೆಗೆ ಅನುಮತಿ ಕೊಡುವವರು ಸಾಮಾನ್ಯವಾಗಿ ಗೃಹ ಕಾರ್ಯದರ್ಶಿಯೇ ಹೊರತು ನ್ಯಾಯಾಧೀಶರಲ್ಲ.